ಅರ್ಧ ಗಂಟೆ

ಕುಳೆಂ ಸ್ಟೇಷನ್ನಿನಲ್ಲಿ ರೈಲಿನ ಗಾರ್ಡು
ತನ್ನ ವಾಚಿನ ಕಿವಿ ಹಿಂಡಿ
ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದನಲ್ಲ,
ಅದು ನಾನು ಕಂಡ ಮೊದಲ ಸಾಮ್ರಾಜ್ಯ.
ಹನ್ನೆರಡರ ಹುಡುಗ. ಅಳ್ನಾವರದ ಒಂದು ಚೀಲ,
ಅದರಲ್ಲಿ ನಾಲ್ಕು ಕಟಕ ರೊಟ್ಟಿ.
ಸುರಂಗಗಳ ಆಚೆ ಮಧ್ಯಾಹ್ನ ಆಗಿಹೋಗಿತ್ತು,
ಈಚೆ ಇನ್ನೂ ಆಗಬೇಕಿತ್ತು.
ಹೊಟ್ಟೆಗೆ ಯಾರೂ ತಿಳಿಸಿರಲಿಲ್ಲ.

ಮಡಗಾಂವ್ ಪೇಟೆಯಲ್ಲಿ ಎವಾರಿಸ್ತ್ ಮೇಸ್ತ್ರಿಯ ಅಂಗಡಿ.
ಗೋಡೆಯ ತುಂಬ ಲೋಲಕ.
'ದಿನಾ ಚಾವಿ ಕೊಡುವುದು ನಿನ್ನ ಕೆಲಸ' ಎಂದರು.
ಚಾವಿ ಎಂಬ ಮಾತೂ, ಮೇಸ್ತ್ರಿ ಎಂಬ ಮಾತೂ, ಚಾವಿ ಇಡುವ ಮೇಜೂ
ಅವರ ಹಡಗಿನಲ್ಲೇ ಬಂದವೆಂದು ಆಮೇಲೆ ತಿಳಿಯಿತು.
ತಿರುಗಿ ಕೊಡಬೇಕೆನಿಸಲಿಲ್ಲ.

ಶನಿವಾರ ಡಾಕ್ಟರ್ ಆವೆಲಾರ್ ಬರುತ್ತಿದ್ದರು.
ಬೆಕ್ಕಿನ ಕಣ್ಣು. ಬಿಸಿಲಿಗೆ ಕೆಂಪೇರುವ ಮೂಗು.
ಮುತ್ತಜ್ಜನ ಮುತ್ತಜ್ಜ ಲಿಸ್ಬನ್ನಿನಿಂದ ಫಿರಂಗಿಯ ಜೊತೆ ಇಳಿದವನಂತೆ;
ಆಮೇಲಿನವರೆಲ್ಲ ಇಲ್ಲೇ ಹುಟ್ಟಿ
ಇಲ್ಲಿನ ಇಗರ್ಜಿಯ ಹಾಸುಗಲ್ಲಿನಡಿ ಮಲಗಿದವರು.
ಎಡಜೇಬಿನಲ್ಲೊಂದು ವಾಚು, ಬಲಜೇಬಿನಲ್ಲಿ ಇನ್ನೊಂದು.
ಎಡದ್ದು ಸರಕಾರದ್ದು.
ಬಲದ್ದನ್ನು ಮೇಜಿನ ಮೇಲಿಟ್ಟು
'ಇದು ಹಿಂದೆ ಬೀಳ್ತಾ ಇದೆ' ಎನ್ನುವರು.
ಏನೂ ಕೆಡದ ವಾಚನ್ನು ಮೇಸ್ತ್ರಿ ಬಿಚ್ಚಿ, ಊದಿ, ಮುಚ್ಚಿ,
ಗಡಿಯಾಚೆಯ ವೇಳೆಗೆ ಇಟ್ಟುಕೊಡುವರು.
ಬೆನ್ನಿನ ಮುಚ್ಚಳದೊಳಗೆ
ಈರುಳ್ಳಿ ಸಿಪ್ಪೆಯಂಥ ಕಾಗದ ಹೋಗುತ್ತಿತ್ತು, ಬರುತ್ತಿತ್ತು.
ನಾನು ನೋಡಲಿಲ್ಲ.
ನೋಡಲಿಲ್ಲವೆಂದು ಠಾಣೆಯಲ್ಲಿ ಮೂರು ಸಲ ಹೇಳಿದೆ.

ಒಮ್ಮೆ ಬಾಯಿತಪ್ಪಿ ಕೇಳಿದ್ದೆ:
ನೀವು ಅವರವರೇ ಅಲ್ಲವೇ?
ಡಾಕ್ಟರು ನಕ್ಕು, ಮೂಗೊರೆಸಿಕೊಂಡು,
'ಹೆಸರು ಅಲ್ಲಿಯದು ಮಗಾ.
ಮಲೇರಿಯಾ ಇಲ್ಲಿಯದು.'

ಐವತ್ತೈದರ ಮಳೆಯಲ್ಲಿ ರೈಲು ನಿಂತಿತು.
ಘಟ್ಟದ ಮೇಲೆ ನನ್ನ ಊರು,
ದೂರದ್ದೇನಲ್ಲ, ಒಂದು ದಿನದ ಹಾದಿ;
ಆ ದಿನ ಆರು ವರ್ಷ ಮುಗಿಯಲಿಲ್ಲ.
ಅದೇ ತಿಂಗಳು ಡಾಕ್ಟರರನ್ನು ಒಯ್ದರು.
ಆರೋಪ, ಮಾತೃಭೂಮಿಗೆ ದ್ರೋಹ.
ಶಿಕ್ಷೆ, ಮಾತೃಭೂಮಿಗೆ ಗಡೀಪಾರು.
ಅವರು ಅದನ್ನು ಒಮ್ಮೆಯೂ ಕಂಡವರಲ್ಲ.
ಧಕ್ಕೆಯ ಮೇಲೆ ಎರಡೂ ಜೇಬು ಹೊರಕ್ಕೆಳೆದು
ನಾಯಿನಾಲಿಗೆಯ ಹಾಗೆ ಜೋತಿದ್ದವು.
ಎಡದ್ದು ಜಪ್ತಿಯಾಗಿತ್ತು.
ಬಲದ್ದು ನಮ್ಮಲ್ಲಿತ್ತು, ರಿಪೇರಿಗೆ.

ಅಕ್ಕಿ ಡಬ್ಬದಲ್ಲಿ ಹೂತಿಟ್ಟೆವು.
ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಗೆದು ತೆಗೆದು
ಚಾವಿ ಕೊಟ್ಟು ಮತ್ತೆ ಹೂಳುವುದು.
ಮೇಸ್ತ್ರಿಯ ಹೆಂಡತಿ ಇನಾಸಿನ್ ಬಾಯಿ ಬೈಯುತ್ತಿದ್ದಳು:
'ನಿಮ್ಮ ಸ್ವಾತಂತ್ರ್ಯ ಅನ್ನದಲ್ಲಿ ಟಿಕ್ ಟಿಕ್ ಅಂತ ಹಲ್ಲಿಗೆ ಸಿಗ್ತದೆ.'
ಬೈದೂ, ಅಳೆಯುವಾಗ ಆ ಮೂಲೆಗೆ ಸೇರು ಹಾಕುತ್ತಿರಲಿಲ್ಲ.

ಡಿಸೆಂಬರು. ಸೇತುವೆಗಳು ಹಾರಿದ ಸದ್ದು.
ಆಮೇಲೆ, ಮೈತುಂಬ ಕೆಂಪು ಮಣ್ಣಿನ ಒಬ್ಬ ಸಿಪಾಯಿ
ಬಾಗಿಲಲ್ಲಿ ನಿಂತು, ಬೇರೇನೂ ತೋಚದೆ,
ಗಂಟೆ ಎಷ್ಟೆಂದು ಕೇಳಿದ.
ಮೇಸ್ತ್ರಿ ಸ್ಟೂಲು ಹತ್ತಿದರು.
ಒಂದೊಂದೇ ಗಡಿಯಾರ, ಮೂವತ್ತೊಂದು ಗಡಿಯಾರ,
ಬೆರಳಿನಿಂದ ಮುಳ್ಳು ನೂಕಿದರು.
ದಾರಿಯಲ್ಲಿ ಅರ್ಧದ ಗಂಟೆ ಬಾರಿಸಬೇಕಾದವು ಬಾರಿಸಿದವು,
ಒಂದರ ಮೇಲೊಂದು ಬಿದ್ದು, ಸಂತೆಯ ಹಾಗೆ.
ಸಿಪಾಯಿ ಕಿವಿ ಮುಚ್ಚಿಕೊಂಡು ನಗುತ್ತಿದ್ದ.
ಎದುರಿನ ಕ್ಷೌರಿಕ ಶಿವಾ ಓಡಿಬಂದು
ತನ್ನ ಅರ್ಧ ಗಂಟೆಯ ಸಂಪಾದನೆ ಯಾರು ಕೊಡುತ್ತಾರೆಂದು ಜಗಳ ತೆಗೆದ.
ಇಂದಿಗೂ ಉತ್ತರ ಗೊತ್ತಿಲ್ಲ ನನಗೆ.

ಎಪ್ಪತ್ತೈದರಲ್ಲಿ ಒಂದು ಕಾಗದ ಬಂತು.
ಅಕ್ಷರ ನಡುಗಿತ್ತು, ಅಂಚೆಚೀಟಿ ಚೆಂದವಿತ್ತು.
ಇಲ್ಲಿ ಮಳೆ ತಣ್ಣಗೆ, ಸದ್ದಿಲ್ಲದೆ ಬರುತ್ತದೆ,
ಇಲ್ಲಿಯವರು ನನ್ನನ್ನು ಇಂಡಿಯನ್ ಅನ್ನುತ್ತಾರೆ,
ಹಿತ್ತಲ ಮಂಕುರಾದ್ ಮಾವು ಬಿಟ್ಟಿದೆಯೇ,
ನನ್ನ ವಾಚು ಈಗ ಎಷ್ಟು ತೋರಿಸುತ್ತಿದೆ?

ಪೆನ್ನು ಹಿಡಿದು ವಾಚು ನೋಡಿದೆ.
ಬರೆದರೆ, ತಲುಪುವ ಹೊತ್ತಿಗೆ ಸುಳ್ಳು.
ಆ ಜಾಗ ಖಾಲಿ ಬಿಟ್ಟು
ಮಾವಿನ ಸುದ್ದಿ ಬರೆದೆ.
ಆ ವರ್ಷ ಫಸಲು ಕಡಿಮೆ. ಮಂಗಗಳ ಕಾಟ.