ಭರಣಿಯಲ್ಲಿ ಎರಡು ಬೆರಳು ಕಡಿಮೆ

ನನ್ನ ಕೆಲಸ ಏನೆಂದು ಕೇಳಿದರೆ ಅಕ್ಕನಿಗೆ ನಗು:
ಜನರನ್ನು ಜನರಿಗೆ ಪರಿಚಯ ಮಾಡಿಸುವುದಕ್ಕೂ
ತಿಂಗಳ ಸಂಬಳವೇ?
ತ್ಬಿಲಿಸಿಯಲ್ಲಿ, ನದಿಯ ಎಡದಂಡೆಗೆ,
ಒಂದು ಕಾಲಕ್ಕೆ ಸೈನಿಕರ ಕೋಟು ಹೊಲಿಯುತ್ತಿದ್ದ ಕಾರ್ಖಾನೆ;
ಈಗ ಮೂವತ್ತೆಂಟು ಕೋಣೆ, ಎರಡು ಅಡುಗೆಮನೆ,
ಮೂರು ಫ್ರಿಜ್ಜು, ಒಂದು ವೈಫೈ.
ಹಲಗೆಯ ಸಂದಿನಲ್ಲಿ ಇನ್ನೂ ಗುಂಡುಸೂಜಿ ಸಿಗುತ್ತವೆ
ಬರಿಗಾಲಲ್ಲಿ ನಡೆದವರಿಗೆ.

ಕರಾರುಪತ್ರದಲ್ಲಿ ಬರೆದಿದೆ:
ಬಾಡಿಗೆಯೊಳಗೆ ನೀರು, ಕರೆಂಟು, ಹಾಸಿಗೆಬಟ್ಟೆ
ಮತ್ತು ಸಮುದಾಯ, ಎಲ್ಲ ಸೇರಿದೆ.
ಮೊದಲೆರಡಕ್ಕೆ ಮೀಟರಿದೆ.
ಮೂರನೆಯದಕ್ಕೆ ಲಾಂಡ್ರಿಯವನಿದ್ದಾನೆ.
ನಾಲ್ಕನೆಯದಕ್ಕೆ ನಾನು.

ಮಂಗಳವಾರ ಬೋರ್ಡ್ ಆಟ, ಗುರುವಾರ ಮಣ್ಣಿನ ಮಡಕೆ,
ತಿಂಗಳ ಕೊನೆಗೆ ಒಬ್ಬೊಬ್ಬರೇ ಎದ್ದು
ಬಾಲ್ಯದ ಒಂದು ನೆನಪು ಹೇಳುವ ಸಂಜೆ.
ಬಂದವರು ನಾಲ್ವರು. ಅದರಲ್ಲೊಬ್ಬ ಬಿಸ್ಕತ್ತಿಗೆ.
ಯೋಸ್ಟ್ ಎಂಬ ಜರ್ಮನ್ ಹುಡುಗ
"ನನ್ನ ಬಾಲ್ಯ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಕೂತುಬಿಟ್ಟ.
ಮಾಲೀಕ ವಾಝಾ ಫೋನಿನಲ್ಲಿ ಕೇಳುತ್ತಾನೆ:
"ಖಾತೂನಾ, ಒಗ್ಗಟ್ಟು ಈ ತಿಂಗಳು ಶೇಕಡಾ ಎಷ್ಟು?"

ಅಷ್ಟರಲ್ಲಿ ಕಳವಾಯಿತು ಜೋಂಜೋಲಿ.

ವಖುಶ್ತಿಯ ಸೋದರತ್ತೆ
ತೆಲಾವಿಯಿಂದ ಬಸ್ಸಿನ ಡ್ರೈವರನ ಕೈಲಿ ಕಳಿಸಿದ್ದು:
ಎಳೆ ಹೂಮೊಗ್ಗು, ಉಪ್ಪುನೀರಲ್ಲಿ ಹುಳಿಬಂದದ್ದು,
ಮೂರು ಲೀಟರಿನ ಗಾಜಿನ ಭರಣಿ, ಬಾಯಿಗೆ ಬಟ್ಟೆ.
ಒಂದು ಬೆಳಿಗ್ಗೆ ನೋಡಿದರೆ ಎರಡು ಬೆರಳು ಇಳಿದಿದೆ.
ಮರುದಿನ ಮತ್ತೆರಡು.

ವಖುಶ್ತಿ ಚೀಟಿ ಅಂಟಿಸಿದ: ಯಾರು?
ಅದರ ಕೆಳಗೆ ಪಾಲಿನಾ:
ನನ್ನ ಮೊಸರೂ ಹೋಗಿದೆ, ಮಾರ್ಚಿನಲ್ಲಿ.
ಅದರ ಕೆಳಗೆ ಪರಸ್ತೂ, ಹಲ್ಲಿನ ವೈದ್ಯ ಓದುತ್ತಿರುವವಳು:
ಪಕ್ಕದಲ್ಲಿ ಕಚ್ಚಿಟ್ಟ ಚೀಸು ಯಾರೂ ಬಿಸಾಡಬೇಡಿ,
ನನಗೆ ಬೇಕು.

ಆ ರಾತ್ರಿಯಿಂದ ಅಡುಗೆಮನೆಗೆ ಕಾವಲು.
ಇಬ್ಬರಿದ್ದರು, ಐವರಾದರು; ಶುಕ್ರವಾರ
ಕುರ್ಚಿ ಸಾಲದೆ ಯೋಸ್ಟ್ ಇಸ್ತ್ರಿ ಮೇಜು ಹತ್ತಿ ಕೂತ.
ಕಾದವರಿಗೆ ಹಸಿವಾಯಿತು. ಯಾರೋ ಈರುಳ್ಳಿ ಹೆಚ್ಚಿದರು.
ದೀಪ ಆರಿಸಿ ಕೂತರೆ ಮಾತು ತಾನಾಗಿ ಬರುತ್ತದೆ:
ಮಿನ್ಸ್ಕಿನ ಮನೆಯ ಬೀಗದ ಕೈ ಇನ್ನೂ ಪರ್ಸಿನಲ್ಲಿದೆ
ಎಂದಳು ಪಾಲಿನಾ,
ಅಲ್ಲಿ ಬೀಗ ಬದಲಾಗಿದೆ, ಅದೂ ಗೊತ್ತು ಎಂದಳು.
ಯೋಸ್ಟ್, ಯಾರೂ ಕೇಳದೆಯೇ,
ತನ್ನ ಬಾಲ್ಯ ಹೇಳತೊಡಗಿದ.
ಎರಡು ಗಂಟೆ ಹೇಳಿದ.

ಭರಣಿ ಮೇಜಿನ ನಡುವೆ, ಪಂಚಾಯಿತಿಯ ಹಿರಿಯನಂತೆ.

ಕುಂಬಳಕಾಯಿ ಕಳ್ಳ ಎಂದರೆ
ಹೆಗಲು ಮುಟ್ಟಿ ನೋಡಿಕೊಳ್ಳಬೇಕಂತೆ.
ನಾನು ಕೈಕಟ್ಟಿ ಕೂತಿದ್ದೆ.
ಮೊದಲ ದಿನ ಬರೀ ಹಸಿವು:
ನಡುರಾತ್ರಿ, ವರದಿ ಬರೆದು ಮುಗಿದಿತ್ತು,
ಒಣ ಬ್ರೆಡ್ಡಿಗೆ ನಂಜಿಕೊಳ್ಳಲು ಏನಾದರೂ ಬೇಕಿತ್ತು.
ಎರಡನೆಯ ದಿನ ರುಚಿ.
ಮೂರನೆಯ ದಿನ, ಅವರೆಲ್ಲ ಮಲಗಲು ಹೋದಮೇಲೆ,
ತಿಂದದ್ದನ್ನು ಏನೆನ್ನಲಿ,
ಕೆಲಸ ಅನ್ನಲೇ?

ವಾಝಾನಿಗೆ ಬರೆದೆ: ಶೇಕಡಾ ಎಪ್ಪತ್ತೊಂದು.
ಅವನಿಗೆ ಹಿಗ್ಗು. ಬತೂಮಿಯ ಹೊಸ ಕಟ್ಟಡಕ್ಕೂ ಬೇಕು ಇದು,
ಹಂತಹಂತವಾಗಿ ಬರೆದು ಕಳಿಸು ಎಂದ.
ಹಾಳೆ ತೆಗೆದು "ಒಂದು" ಎಂದು ಬರೆದೆ.
ಚುಕ್ಕೆಯನ್ನೂ ಇಟ್ಟೆ.
ಅಲ್ಲೇ ನಿಂತಿದೆ.

ಈಗ ಕಳ್ಳನ ಸುದ್ದಿ ಯಾರೂ ಎತ್ತುವುದಿಲ್ಲ.
ಕಾವಲು ಮಾತ್ರ ನಡೆದಿದೆ,
ಶುಕ್ರವಾರ ಶುಕ್ರವಾರ, ಈರುಳ್ಳಿಯ ಘಾಟಿನ ಸಮೇತ.

ನಿನ್ನೆ ಎರಡು ಗಂಟೆ ರಾತ್ರಿ ಫ್ರಿಜ್ಜು ತೆಗೆದೆ.
ದೊಡ್ಡ ಭರಣಿಯ ಪಕ್ಕ ಒಂದು ಪುಟ್ಟ ಬಾಟಲಿ.
ಜೋಂಜೋಲಿ, ಮೇಲೆ ಎಣ್ಣೆ ಹನಿಸಿ.
ಮುಚ್ಚಳದ ಮೇಲೆ ನನ್ನ ಹೆಸರು,
ಅಡಿಯಲ್ಲಿ ಪರಸ್ತೂಳ ಪುಟ್ಟಪುಟ್ಟ ಅಕ್ಷರ:

"ವಖುಶ್ತಿಗೆ ಹೇಳಿಲ್ಲ.
ಮೇಲ್ದವಡೆ, ಎಡಗಡೆ, ಕೋರೆಹಲ್ಲಿನ ಪಕ್ಕದ್ದು
ಅಂಚು ಮುರಿದಿದೆ. ತಡಮಾಡದೆ ತೋರಿಸಿಕೋ."

ಫ್ರಿಜ್ಜಿನ ಬೆಳಕಲ್ಲಿ, ಬರಿಗಾಲಲ್ಲಿ ನಿಂತು
ನಾಲಿಗೆಯಿಂದ ತಡವಿ ನೋಡಿದೆ.
ಹೌದು, ಚೂಪಾಗಿದೆ.
ಇಷ್ಟು ವರ್ಷ
ಯಾರೂ ಹೇಳಿರಲಿಲ್ಲ.