ಬೆಸಕ್ಕೆ ಮಾತ್ರ

ಗೋಕಾಕದ ಮೊದಲ ಬಸ್ಸು. ಹೊಲದ ಪೈಪಿನ ತುಂಡಿನೊಳಗೆ
ಸುರುಳಿ ಸುತ್ತಿದ ನಮ್ಮ ಪೋಸ್ಟರು.
ಕಂಡಕ್ಟರ್ ಬಡಿದು ನೋಡಿದ: "ಏನೈತ್ರಿ ಇದರಾಗ?"
"ಪ್ರಮೇಯ ಐತ್ರಿ" ಅಂದಳು ನೀಲಾಂಬಿಕಾ.
"ತೂಕ ಇಲ್ಲ ಬಿಡ್ರಿ", ಲಗೇಜು ಹರಿಯಲಿಲ್ಲ.

ಬೆಳಗಾವಿಯಲ್ಲಿ ಕೊರಳಿಗೊಂದು ಕಾರ್ಡು.
ನನ್ನ ಹೆಸರಿನ ಹಿಂದೆ ತಪ್ಪಿ 'ಡಾ.' ಬಿದ್ದಿತ್ತು;
ಉಗುರಿನಿಂದ ಕೆರೆದೆ, ಚುಕ್ಕಿ ಮಾತ್ರ ಹೋಗಲಿಲ್ಲ.

ಊಟದ ಮೇಲಿನ ಸರದಿ ನಮ್ಮದು.
ಹನ್ನೊಂದು ಜನ, ಇಬ್ಬರಿಗೆ ತೂಕಡಿಕೆ.
ತೌಸೀಫ ಸ್ಲೈಡು ಸರಿಸಿದ, ಮೂರನೇ ಲೆಮ್ಮಾಕ್ಕೆ
ಅವಳ ದನಿ ನಡುಗುವುದ ಬಿಟ್ಟಿತು.

ಹಿಂದಿನ ಸಾಲಿನಲ್ಲಿ ಒಂದು ಮುದಿ ಕೈ ಎದ್ದಿತು:
"ಬೆಸಾನೇ ಯಾಕ? ಸಮ ಇದ್ರ ಏನಾಗತೈತಿ?"
ಫ್ಯಾನು ಕಿರುಗುಟ್ಟಿತು.
"ಗೊತ್ತಿಲ್ರಿ ಸರ್."
"ನನಗೂ ಗೊತ್ತಿಲ್ಲ ತಂಗಿ" ಅಂದು
ಕಿಸೆಯ ಡೈರಿ ತೆಗೆದು ಬರೆದುಕೊಂಡರು.

ಬಹುಮಾನ ಧಾರವಾಡದವರಿಗೆ ಹೋಯಿತು.

ಹೊರಳಿ ಬರುವಾಗ, ಅಂಕಲಗಿ ಇನ್ನೂ ದಾಟಿರಲಿಲ್ಲ,
ಟಿಕೀಟಿನ ಬೆನ್ನ ಮೇಲೆ ಎರಡು ಹಾಕಿದೆವು, ನಾಲ್ಕು ಹಾಕಿದೆವು.
ಆರಕ್ಕೆ ಮುರಿಯಿತು.
ಕಾಲ ಸಂದಿಯಲ್ಲಿ ಪೈಪು ಉರುಳಾಡುತ್ತಿತ್ತು.
ದೀಪ ಆರಿಸಿದ ಬಸ್ಸಿನಲ್ಲಿ ಮೊಬೈಲು ಹಿಡಿದು
"ಎಂಟು ನೋಡೂಣು" ಅಂದ ತೌಸೀಫ.
ಜಾಗ ಸಾಲದೆ
ನೀಲಾಂಬಿಕಾ ತನ್ನ ಟಿಕೀಟೂ ಕೊಟ್ಟಳು.