ಸುಣ್ಣದ ಕಣ್ಣು

ದುಧನಿಯ ಸಂತಿ ದಿನ ಬಿಟ್ಟು ಉಳಿದ ಆರೂ ದಿನ
ನನ್ನ ಗಿರಣಿ ಒಂಬತ್ತಕ್ಕ ಚಾಲೂ.
ಬೋರ್ಡು ಮರಾಠಿಯೊಳಗ, ಬೈಗಳ ಕನ್ನಡದಾಗ,
ಲೆಕ್ಕ ಎರಡೂ ಕೂಡಿ.
ಹೆಬ್ಬೆರಳು ತೋರಬೆರಳಿನ ನಡುವ ಹಿಟ್ಟು ತಿಕ್ಕಿದ್ರ
ಯಾರ ಹೊಲದ್ದು, ಹೊಸಾದೋ ಹಳೇದೋ, ಹೇಳತಿದ್ದೆ.

ಆ ಜಂಬ ಇದ್ದದ್ದು
ಮೌಲಾಲಿ ಒಂದು ಪಾಕೀಟು ತಂದು
ತಕ್ಕಡಿ ಮ್ಯಾಲ ಇಡೂತನಕ.

ಪುಣೆದಾಗ ಯಾವುದೋ ಹೋಟೆಲಿನ ಒಲಿ ಮುಂದ ನಿಲ್ಲತಾನ ಅವ.
"ಮೆಕ್ಸಿಕೊದ ಹಿಟ್ಟು, ಅಕ್ಕಾ. ಕಿಲೋಕ್ಕ ಎಂಟುನೂರು.
ಮಾಲಕ ಅಳಲಿಕತ್ತಾನ. ಗೋವಿನಜೋಳಾನ ಅಂತ ಅದು.
ನಿನ್ನ ಕಲ್ಲಿನ್ಯಾಗ ಆಗತದೇನು ನೋಡು."

ಗೋವಿನಜೋಳ! ನಾ ನಕ್ಕೆ.
ಹೆಸರಿನ್ಯಾಗ ದನ ಅದ, ಲಾರಿ ಹೋಗೂದು ಕೋಳಿ ಫಾರ್ಮಿಗೆ,
ಮನಷ್ಯಾರ ತಾಟಿಗೆ ಅದು ಬಂದದ್ದು ಯಾವಾಗ?

ಬೀಸಿದೆ. ಸಣ್ಣಗ ಬೀಸಿದೆ. ಮೂರು ಸಲ ಸಾಣಿಗಿ ಹಿಡಿದೆ.
ಎಸರು ಕಾಸಿ ನಾದಿ ತಟ್ಟಿದ್ರ
ಜಗಳ ಬಿದ್ದ ಅಣ್ತಮ್ಮರ ಹೊಲದಂಗ
ನಾಕು ಹೋಳು.

ಗೋಬಿ ಮಂಚೂರಿ ಗಾಡಿಯ ದಾನಪ್ಪ ಬಂದು
"ಕಾರ್ನ್‌ಫ್ಲೋರ್ ಅಂದ್ರ ಇದು" ಅಂತ ಬಿಳಿ ಪುಡಿ ಕೊಟ್ಟ.
ಬೆರಳಿನ್ಯಾಗ ಕಿರ್ ಅಂತು, ಹೊಸ ನೋಟಿನ ಕಟ್ಟಿನಂಗ.
ಸಾರು ದಪ್ಪ ಮಾಡೂದು ಗೊತ್ತು ಅದಕ,
ರೊಟ್ಟಿ ಆಗೂದು ಗೊತ್ತಿಲ್ಲ.

ಪಾಕೀಟಿನ ಹಿಂದ ಸಣ್ಣ ಅಕ್ಷರ ಇದ್ದುವು.
ಮೌಲಾಲಿ ಓದಿರಲಿಲ್ಲ, ನಾ ಓದಲಾರೆ.
ರಾತ್ರಿ ಬಿಚ್ಚಿ ಹಿಡದೆ, ಮೂಗು ಓದಿತು:
ದಸರಾ ಮುಂದ ಗ್ವಾಡಿ ಬಳದು ಇನ್ನೂ ಆರದ ಖೋಲಿ,
ನೀಲವ್ವ ಆಯಿಯ ಎಲಿ ಅಡಕಿ ಚೀಲ.

ಸುಣ್ಣ.

ಆಯಿಯ ಡಬ್ಬಿಯಿಂದಾನ ತಗೊಂಡೆ, ಕೇಳದ.
ಕಿಲೋ ಕಾಳಿಗೆ ಒಂದು ಚಮಚ, ಮುಳುಗೂವಷ್ಟು ನೀರು,
ಕುದಿಸಿ, ಮುಚ್ಚಿ, ಮಲಕೊಂಡೆ.
ಮುಂಜಾನೆ ಕೈ ಹಾಕಿದ್ರ ಸಿಪ್ಪಿ ತಾನ ಜಾರಿ ಬಂತು,
ನಿದ್ದಿಗಣ್ಣಿನ ಕೂಸಿನ ಅಂಗಿ ಬಿಚ್ಚಿದಂಗ.
ಐದು ನೀರು ತೊಳದೆ. ಬೆರಳು ಒರಟಾದುವು.

ಹಸಿ ಕಾಳು ಗಿರಣಿಗೆ ಸುರದೆ. ತಪ್ಪು.
ಕಲ್ಲು ಕಟ್ಟಿತು, ಪಟ್ಟಾ ಜಾರಿತು, ಮೋಟಾರು ಸುಟ್ಟ ನಾತ.
ಸೋಲಾಪುರದ ಮಿಸ್ತ್ರಿಗೆ ಹದಿನೆಂಟುನೂರು.
ಆಮ್ಯಾಲ ಒಳಕಲ್ಲಿನ ಮುಂದ ಕುಂತೆ.

ಉಂಡಿಗೆ ಎಸರು ಬೇಕಾಗಲಿಲ್ಲ.
ಬಿಳಿಜೋಳಕ್ಕ ಕುದಿನೀರು ಸುರದು ಒಲಿಸಬೇಕು,
ಇದು ರಾತ್ರೀನ ಒಲದು ಬಂದಿತ್ತು.
ತಟ್ಟಿದೆ. ಅಂಚು ಒಡೀಲಿಲ್ಲ.
ಹಂಚಿನ ಮ್ಯಾಲ ಒಂದು ಕಡೆ ಉಬ್ಬಿ, ಸುಮ್ಮನಾಯಿತು.

ಆಯಿ ಒಂದು ತುಣುಕು ಮುರದು
ಹಲ್ಲಿಲ್ಲದ ಬಾಯಾಗ ಬಾಳ ಹೊತ್ತು ಆಡಿಸಿ
"ಸುಣ್ಣ ಬಂತು, ಎಲಿ ಎಲ್ಲಿ?" ಅಂದಳು.

ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ ಅಂತೀವಿ,
ಬೆಣ್ಣಿ ಬಿದ್ದ ಕಣ್ಣೇ ಪುಣ್ಯದ್ದು ಅಂತ ತಿಳದು.
ಬಿಳಿಜೋಳಕ್ಕ ಬೆಣ್ಣಿ ಹಚ್ಚಿದ ಮಂದಿ ನಾವು.
ಈ ಕಾಳಿನ ಕಣ್ಣು ತೆರೀಲಿಕ್ಕೆ ಸುಣ್ಣಾನ ಬೇಕಂತ
ಸಮುದ್ರದ ಆಕಡೆ ಯಾವಾಕಿಗೋ, ಎಂದೋ, ಗೊತ್ತಾಗಿತ್ತು.
ಆಕಿನೂ ಮೊದಲು ಏನೋ ಒಂದು ಕೆಡಿಸಿಕೊಂಡಿರಬೇಕು.
ಆಕಿ ಹೆಸರು ಪಾಕೀಟಿನ ಮ್ಯಾಲ ಇರಲಿಕ್ಕಿಲ್ಲ.

ಈಗ ಮಾಳಿಗಿ ಮ್ಯಾಲ ಸೀರಿ ಹಾಸಿ
ತೊಳದ ಕಾಳು ಒಡದು ಒಣಗಿಸಾಕ ಹರವೀನಿ.
ಖಡಕ್ ಒಣಗಿದ್ರ ಗಿರಣಿ ನುಂಗತದ, ಇಷ್ಟು ಕಲತೀನಿ.
ಗುಬ್ಬಿ ಬಂದು ಮೂಸಿ, ತಿನ್ನಲೋ ಬಿಡಲೋ ಅಂತ ನಿಂತಾವ.

ಮೌಲಾಲಿ ಫೋನಿನ್ಯಾಗ ಕೇಳಿದ:
"ಕಿಲೋಕ್ಕ ಏನು ಹಚ್ಚತಿ ಅಕ್ಕಾ?"
ಬಾಯಿಗೆ ಬಂದದ್ದು ಸಣ್ಣ ರೇಟು.
ಮೋಟಾರು ನೆನಪಾತು.
"ತಡಿ," ಅಂದೆ, "ಇನ್ನೂ ಒಣಗಿಲ್ಲ."